ಮಾವಳ್ಳಿಯಲ್ಲಿ ಹುರಿದ ಪುಡಿ

ಬಸವನಗುಡಿ
೧೪ ಆಗಸ್ಟ್ ೧೯೭೮

ಪ್ರೀತಿಯ ಕಮಲಾ,

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಮ್ಮ ಕನ್ನಡ ಪಂಡಿತರು ಹೇಳಿಕೊಟ್ಟಿದ್ದರು. ಬರೆದಾಯಿತು. ಇನ್ನು ನಿಜ ಹೇಳುತ್ತೇನೆ.

ನನಗೆ ವಾಸನೆ ತಿಳಿಯುವುದು ನಿಂತುಹೋಗಿದೆ. ಆಷಾಢದಲ್ಲಿ ಹನ್ನೊಂದು ದಿನ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮಲ್ಲಿಗೆ ಮುಡಿದರೂ ಕಾಗದ ಮುಡಿದರೂ ಒಂದೇ. ಕುವೈತಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿರುವ ನಿನಗೆ ಇದೂ ಒಂದು ಕಾಯಿಲೆಯೇ ಎಂದು ಅನ್ನಿಸಬಹುದು. ಆದರೆ ನಾನು ಅಡುಗೆ ಮಾಡುವವಳು. ಉಪ್ಪು, ಹುಳಿ, ಖಾರ, ಸಿಹಿ, ಕಹಿ ಇಷ್ಟೇ ನಾಲಿಗೆಗೆ ತಿಳಿಯುತ್ತದೆ. ಉಳಿದದ್ದೆಲ್ಲ ಮೂಗಿನ ಕೆಲಸವಾಗಿತ್ತು ಎಂದು ಈಗ ಗೊತ್ತಾಗಿದೆ.

ಮೊನ್ನೆ ಸಾರಿನ ಪುಡಿಗೆ ಹುರಿಯುವಾಗ ಮೆಂತ್ಯ ಸೀದುಹೋಯಿತು. ನನಗೆ ತಿಳಿಯಲೇ ಇಲ್ಲ. ನಮ್ಮನೆಯವರು ಸಾರು ಬಿಟ್ಟು ಮಜ್ಜಿಗೆಗೆ ಹೋದರು. ಅತ್ತೆ ಬಟ್ಟಲನ್ನು ಸ್ವಲ್ಪ ಸರಿಸಿ, "ಈ ಸಲದ ಮೆಂತ್ಯನೇ ಸರಿ ಇಲ್ಲ ಅನ್ಸತ್ತೆ" ಅಂದರು. ನಾನೂ ಹೂಂಗುಟ್ಟಿದೆ. ಪಾಪ, ಮೆಂತ್ಯ ಏನು ಮಾಡಿತ್ತು.

ಈಗ ಕೇಳು. ನಾದಿನಿ ಅಲಮೇಲುವಿಗೆ ಗಂಡು ಗೊತ್ತಾಗಿದೆ. ಮದುವೆ ಬರುವ ವೈಶಾಖದಲ್ಲಿ, ಚಾಮರಾಜಪೇಟೆಯ ಛತ್ರದಲ್ಲಿ. ಅತ್ತೆ ನೆಂಟರೆಲ್ಲರ ಮುಂದೆ ಹೇಳಿಯಾಗಿದೆ: "ಅಡುಗೆಯವರ ಪುಡಿ ನಮಗೆ ಬೇಡ. ಸಾರಿನ ಪುಡಿ, ಹುಳಿಪುಡಿ ಎಲ್ಲಾ ನಮ್ಮ ಗೋದಾನೇ ಮಾಡ್ತಾಳೆ." ಐನೂರು ಎಲೆ, ಕಮಲಾ!

ಹೇಳಿಬಿಡಬಾರದೇ ಎಂದು ನೀನು ಕೇಳುತ್ತೀಯ. ಮದುವೆಯಾಗಿ ಹತ್ತು ವರ್ಷವಾಯಿತು. ಈ ಮನೆಯಲ್ಲಿ ನನ್ನದು ಅಂತ ಆಗಿರುವುದು ಒಲೆಯ ಮುಂದಿನ ಮೂರಡಿ ಜಾಗ ಮಾತ್ರ. ಮಕ್ಕಳಾಗಲಿಲ್ಲ ಎಂಬ ಮಾತನ್ನು ಯಾರಾದರೂ ಎತ್ತಿದರೆ ಅತ್ತೆ, "ಮೊದಲು ಅವಳ ಕೈಸಾರು ಉಂಡು ಆಮೇಲೆ ಮಾತಾಡಿ" ಎಂದು ಬಾಯಿ ಮುಚ್ಚಿಸಿದ್ದಾರೆ. ಆ ಸಾರೂ ಹೋದರೆ ನಾನು ಈ ಮನೆಯಲ್ಲಿ ಏನು? ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ನಿನ್ನ
ಗೋದಾ


ಕುವೈತ್
೫ ಸೆಪ್ಟೆಂಬರ್ ೧೯೭೮

ಗೋದಾ,

ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಮೂರು ವರ್ಷವೂ ನಿನ್ನ ಮೂಗಿನ ತುದಿಯಲ್ಲಿ ಕೋಪ ಇರುತ್ತಿತ್ತು. ವಾಸನೆಯ ಜೊತೆ ಅದೂ ಹೋಯಿತೋ ಹೇಗೆ, ಬರೆ. ಹೋಗಿದ್ದರೆ ನಿನ್ನ ಯಜಮಾನರು ರಾಮಸ್ವಾಮಿ ಮೇಷ್ಟ್ರು ಪುಣ್ಯವಂತರು.

ಜ್ವರದ ನಂತರ ಹೀಗಾಗುವುದುಂಟು. ಮೂಗಿನ ನರ ಸೋತಿರುತ್ತದೆ. ಕೆಲವರಿಗೆ ಮೂರು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಎರಡು ವರ್ಷ, ಕೆಲವರಿಗೆ ಆಗುವುದೇ ಇಲ್ಲ. ಸುಳ್ಳು ಸಮಾಧಾನ ಹೇಳುವ ನರ್ಸು ನಾನಲ್ಲ. ಯಾರಾದರೂ ಮೂಗಿಗೆ ಎಣ್ಣೆ ಬಿಡಲು ಬಂದರೆ ಓಡು.

ನಮ್ಮ ವಾರ್ಡಿನಲ್ಲಿ ಫೌಜಿಯಾ ಎಂಬ ಹಿರಿಯ ಆಯಾ ಇದ್ದಾಳೆ, ಈಜಿಪ್ಟಿನವಳು. ನಿನ್ನ ಕಥೆ ಹೇಳಿದೆ. ಅವಳ ಅಭಿಪ್ರಾಯದಲ್ಲಿ ಮೂಗು ಸೋಮಾರಿ ಆಳು, ಪರಿಚಯದವರು ಕರೆದರೆ ಏಳುವುದಿಲ್ಲ, ಹೊಸಬರು ಬಾಗಿಲು ಬಡಿದರೆ ಎದ್ದು ನೋಡುತ್ತದೆ. ದಿನಾ ಬೆಳಿಗ್ಗೆ ಕಂಡರಿಯದ ವಾಸನೆಗಳನ್ನು ಮೂಗಿಗೆ ಹಿಡಿಯಬೇಕಂತೆ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಖರ್ಚಿಲ್ಲದ ಔಷಧಿ, ಕೆಟ್ಟದ್ದೇನೂ ಆಗುವುದಿಲ್ಲ.

ಹಾಗಾಗಿ ಊರಿಗೆ ಹೊರಟಿರುವ ನರ್ಸೊಬ್ಬಳ ಕೈಲಿ ಮೂರು ಪೊಟ್ಟಣ ಕಳಿಸಿದ್ದೇನೆ. ಒಂದು ಜಾತರ್. ಪ್ಯಾಲೆಸ್ತೀನಿನವರದು, ಅಲ್ಲಿಯ ಹುಡುಗಿಯೊಬ್ಬಳು ಕೊಟ್ಟದ್ದು. ಒಂದು ಕಾಡುಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಎಳ್ಳು, ಉಪ್ಪು, ಹುಳಿಯಾದ ಕೆಂಪು ಹಣ್ಣಿನ ಪುಡಿ ಸೇರಿಸುತ್ತಾರೆ. ರೊಟ್ಟಿಗೆ ಎಣ್ಣೆ ಸವರಿ ಉದುರಿಸುತ್ತಾರೆ. ಎರಡನೆಯದು ದುಕ್ಕಾ, ಫೌಜಿಯಾಳ ಕೈಯದೇ. ಎಳ್ಳು, ಕೊತ್ತಂಬರಿ, ಜೀರಿಗೆ, ಬೀಜಗಳನ್ನು ಹುರಿದು ತರಿತರಿಯಾಗಿ ಕುಟ್ಟಿದ್ದು. ನಮ್ಮ ಚಟ್ನಿಪುಡಿಯ ದೂರದ ಸೋದರತ್ತೆ ಅಂದುಕೋ. ಮೂರನೆಯದು ಇಲ್ಲಿನ ಬಹಾರಾತ್. ಮೆಣಸು, ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲ ಇರುವ ಗಡಸು ಪುಡಿ. ಬೆಳ್ಳುಳ್ಳಿ ಯಾವುದರಲ್ಲೂ ಇಲ್ಲ, ನಿಮ್ಮತ್ತೆಯ ಮೇಲಾಣೆ.

ಬರೀ ಮೂಸಿ ಇಡಬೇಡ. ಅಡುಗೆ ಮಾಡು. ಬಾಣಲೆಯ ಬಿಸಿ ತಗುಲಿದರೇ ಪುಡಿ ಬಾಯಿ ಬಿಡುವುದು.

ನಿನ್ನ
ಕಮಲಾ


ಬಸವನಗುಡಿ
೬ ನವೆಂಬರ್ ೧೯೭೮

ಪ್ರೀತಿಯ ಕಮಲಾ,

ನಿನ್ನ ಜಾತರ್‌ನಿಂದ ನಮ್ಮ ಮನೆಯಲ್ಲಿ ದೀಪಾವಳಿ ಹೇಗಾಯಿತು ಎಂದು ಬರೆಯುತ್ತೇನೆ. ಇದನ್ನು ಓದುವಾಗ ಕೈಯಲ್ಲಿ ಇಂಜೆಕ್ಷನ್ ಇದ್ದರೆ ಕೆಳಗಿಡು.

ಪೊಟ್ಟಣಗಳು ಬಂದವು. ಹೊರಗಿನ ಪುಡಿ ಅಡುಗೆಮನೆಗೆ ಬರುವುದು ಅತ್ತೆಗೆ ಆಗದು. ಆದ್ದರಿಂದ ಮೂರನ್ನೂ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟೆ. ಹೆಸರಿನ ಚೀಟಿ ಅಂಟಿಸಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಒಂದೊಂದನ್ನೂ ತೆರೆದು ಮೂಸುವುದು. ಬಚ್ಚಲಲ್ಲಿ ಇಷ್ಟು ಹೊತ್ತು ಏನು ಮಾಡುತ್ತೀ ಎಂದು ನಮ್ಮನೆಯವರು ಕೇಳಿದ್ದೂ ಆಯಿತು.

ಕದ್ದು ಅಡುಗೆಯನ್ನೂ ಮಾಡಿದೆ. ದುಕ್ಕಾವನ್ನು ಎಳ್ಳೆಣ್ಣೆಯಲ್ಲಿ ಕಲಸಿ ಇಡ್ಲಿಗೆ ಹಾಕಿದರೆ ನಮ್ಮನೆಯವರು ಎರಡು ಇಡ್ಲಿ ಜಾಸ್ತಿ ತಿಂದು, "ಇದ್ಯಾವ ಊರಿನ ಚಟ್ನಿಪುಡಿನೇ?" ಅಂದರು. ಊರು ನಿಜವಾಗಿಯೂ ದೂರದ್ದು ಎಂದು ಹೇಳಲಿಲ್ಲ. ಬಹಾರಾತನ್ನು ವಾಂಗಿಬಾತಿಗೆ ಹಾಕಿದೆ, ಹುಣಿಸೆ ಸ್ವಲ್ಪ ಮುಂದಾಗಿ. ಅಲಮೇಲು ಪಾತ್ರೆಯ ತಳ ಕೆರೆದಳು. ಎಲ್ಲರಿಗೂ ರುಚಿ, ಮಾಡಿದವಳಿಗೆ ಮಾತ್ರ ಮಣ್ಣು.

ಇನ್ನು ದೀಪಾವಳಿ. ಆ ಗೂಡಿನಲ್ಲಿ ನಾಲ್ಕನೆಯ ಹಾರ್ಲಿಕ್ಸ್ ಬಾಟಲಿಯೂ ಇತ್ತು, ಸೀಗೆಪುಡಿಯದು. ನರಕ ಚತುರ್ದಶಿಯ ಬೆಳಿಗ್ಗೆ ಅತ್ತೆ ಎಣ್ಣೆ ಹಚ್ಚಿಕೊಂಡು ಕುಳಿತು, "ಸೀಗೆಪುಡಿ ಕೊಡೇ" ಅಂದರು. ನಾನು ಹಸಿರು ಹಸಿರಾಗಿದ್ದುದನ್ನು ಮುಚ್ಚಳ ತೆಗೆದು ಕೈಗೆ ಕೊಟ್ಟೆ. ಅತ್ತೆಗೆ ಕಣ್ಣು ಮಂಜು, ಬಚ್ಚಲಲ್ಲಿ ಹಂಡೆ ಒಲೆಯ ಹೊಗೆ. ಎರಡು ಹಿಡಿ ತಲೆಗೆ ತಿಕ್ಕಿಕೊಂಡರು. ನಾನೇ ಪಕ್ಕದಲ್ಲಿ ನಿಂತು ಬಿಸಿನೀರು ಹುಯ್ದೆ. ಮೂರನೆಯ ಚೊಂಬಿಗೆ "ಅಯ್ಯೋ ಉರೀ!" ಎಂದು ಕೂಗಿದರು. ನೋಡಿದರೆ ಬೆಳ್ಳನೆ ಕೂದಲಿನ ತುಂಬ ಎಳ್ಳು. ಹಬ್ಬದ ದಿನ ತಲೆಯ ಮೇಲೆ ಎಳ್ಳು, ಕಮಲಾ! ತಿಥಿಯ ದಿನ ಎಳ್ಳುನೀರು ಬಿಡುವವರು ನಾವು. ಅಲಮೇಲು ನಕ್ಕು ನಕ್ಕು ಹಿತ್ತಲಲ್ಲಿ ಕುಸಿದು ಕುಳಿತಳು. ಅತ್ತೆಯ ತಲೆಯಿಂದ ಎಳ್ಳು ಹೆಕ್ಕುವುದಕ್ಕೆ ಮಧ್ಯಾಹ್ನವಾಯಿತು.

ಸ್ನೇಹಿತೆ ಕಳಿಸಿದ ಹೊಸ ಸೀಗೆಪುಡಿ ಎಂದು ಸುಳ್ಳು ಹೇಳಿದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, ಮತ್ತೇನೂ ಕೇಳದೆ ತಲೆ ಒರೆಸಿಕೊಂಡರು.

ನಕ್ಕೆಯಾ? ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಬಂದು ಅತ್ತುಬಿಟ್ಟೆ. ಸೀಗೆಪುಡಿಗೂ ತಿನ್ನುವ ಪುಡಿಗೂ ವ್ಯತ್ಯಾಸ ತಿಳಿಯದವಳು ಐನೂರು ಎಲೆಗೆ ಏನು ಬಡಿಸುತ್ತೇನೆ? ಇನ್ನು ಆರು ತಿಂಗಳಿದೆ. ಮೂಗು ಹಾಗೇ ಮಲಗಿದೆ.

ನಿನ್ನ
ಗೋದಾ


ಕುವೈತ್
೩೦ ನವೆಂಬರ್ ೧೯೭೮

ಗೋದಾ,

ನಿನ್ನ ಪತ್ರವನ್ನು ಫೌಜಿಯಾಳಿಗೆ ಅರಬ್ಬಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ವಾರ್ಡಿನ ರೋಗಿಗಳೂ ನಗುತ್ತಿದ್ದರು. ನಿಮ್ಮತ್ತೆಗೆ ನೂರು ವರ್ಷ ಆಯಸ್ಸು ಬರಲೆಂದು ಹರಸಿದ್ದಾಳೆ.

ಈಗ ಕೆಲಸದ ಮಾತು. ಮೂಗು ಏಳುತ್ತದೋ ಬಿಡುತ್ತದೋ, ಮದುವೆ ಕಾಯುವುದಿಲ್ಲ. ನಿನಗೆ ಬೇಕಾಗಿರುವುದು ಇನ್ನೊಬ್ಬರ ಮೂಗು. ಅದು ಮಾವಳ್ಳಿಯಲ್ಲಿದೆ. ನಮ್ಮಮ್ಮ ಮಾರಕ್ಕ ಅಕ್ಕಿಪೇಟೆಯ ಮಂಡಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಕೊತ್ತಂಬರಿ ಯಾವ ಸೀಮೆಯದು, ಹೋದ ವರ್ಷದ್ದೋ ಈ ವರ್ಷದ್ದೋ ಎಂದು ಮೂಟೆ ಬಿಚ್ಚುವ ಮೊದಲೇ ಹೇಳುತ್ತಿದ್ದಳು. ಸೆಟ್ಟರು ಅವಳನ್ನು ಕೇಳಿಯೇ ಕೊಳ್ಳುತ್ತಿದ್ದರು. ಅವಳ ಹತ್ತಿರ ಹೋಗು. ಅವಳ ಒಲೆಯ ಮೇಲೆ ಹುರಿ. ಸಾಕು ಎಂದಾಗ ಇಳಿಸು.

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಪತ್ರ ಹಾಗೇ ಇಟ್ಟಿದ್ದೆ. ನಿನ್ನ ಮದುವೆಯಾದ ಮೇಲೆ ನಾನು ಆ ಮನೆಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಜಗುಲಿಯವರೆಗೆ. ನನ್ನ ಕಾಫಿಯ ಲೋಟ ತುಳಸಿಕಟ್ಟೆಯ ಹಿಂದೆ ಬೇರೆ ಇರುತ್ತಿತ್ತು. ನೀನು ನಮ್ಮ ಮನೆಗೆ ಒಂದು ಸಲವೂ ಬಂದಿಲ್ಲ. ಬಸವನಗುಡಿಯಿಂದ ಮಾವಳ್ಳಿಗೆ ನಡೆದರೆ ಅರ್ಧ ಗಂಟೆ. ನಾನು ದಿನಾ ಸ್ಕೂಲಿಗೆ ಬರುತ್ತಿದ್ದ ದಾರಿ. ದೂರುತ್ತಿಲ್ಲ, ದಾರಿ ಹೇಳುತ್ತಿದ್ದೇನೆ.

ಬುದ್ಧನ ಪಟ ತಗುಲಿಸಿರುವ ನೀಲಿ ಬಾಗಿಲಿನ ಮನೆ. ಯಾರನ್ನು ಕೇಳಿದರೂ ತೋರಿಸುತ್ತಾರೆ.

ಕಮಲಾ


ಬಸವನಗುಡಿ
೨೨ ಜನವರಿ ೧೯೭೯

ಕಮಲಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಎರಡು ತಿಂಗಳು ಬೇಕಾಯಿತು. ಧನುರ್ಮಾಸ, ಹಬ್ಬ, ನೆಂಟರು ಎಂದು ಕಾರಣ ಕೊಡಬಹುದು. ಕೊಡುವುದಿಲ್ಲ. ಲೋಟದ ಮಾತು ಓದಿ ತುಳಸಿಕಟ್ಟೆಯ ಹಿಂದೆ ಹೋಗಿ ನೋಡಿದೆ. ಅದು ಈಗಲೂ ಅಲ್ಲೇ ಇದೆ.

ಸಂಕ್ರಾಂತಿ ಕಳೆದ ಮೇಲೆ ಹೋದೆ. ಎಳ್ಳುಬೆಲ್ಲ, ಒಂದು ಚೀಲದಲ್ಲಿ ಕೊತ್ತಂಬರಿ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ. ಮನೆಯಲ್ಲಿ ಮಿಲ್ಲಿಗೆ ಹೋಗುತ್ತೇನೆ ಎಂದು ಹೇಳಿದ್ದೆ. ನಿಮ್ಮಮ್ಮ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಮುಖ ಎತ್ತಲಿಲ್ಲ, ಚೀಲದ ಕಡೆ ಮೂಗು ತಿರುಗಿಸಿದರು.

"ಕೊತ್ತುಂಬ್ರಿ ಹಳೇದು. ಯಾರವ್ವಾ ನೀನು, ನಮ್ ಕಮಲಿ ಜೊತೆ ಓದ್ದೋಳಾ?"

ಹೌದು ಎಂದೆ. ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಎದ್ದರು.

"ಮೂಗ್ ಹೋದ್ರೆ ಹೋಯ್ತು, ಕಿವಿ ಇಲ್ವಾ? ಬಾ ಒಳಿಕ್ಕೆ."

ಸೌದೆ ಒಲೆಯ ಮೇಲೆ ಬಾಣಲೆ ಇಟ್ಟು ಕೊತ್ತಂಬರಿ ಸುರಿದರು. ಸೌಟು ನನ್ನ ಕೈಗೆ. ತಾವು ಕಣ್ಣು ಮುಚ್ಚಿ ಗೋಡೆಗೆ ಒರಗಿದರು. "ಸದ್ದು ಕೇಳು. ಈಗ ದಪ್ಪಕ್ಕೆ ಬೀಳ್ತದೆ, ಒಳಗೆ ಇನ್ನೂ ಹಸಿ ಅದೆ. ಕೈಯಾಡ್ಸು... ಆಡ್ಸು... ಈಗ ಕೇಳು, ಗಲಗಲ ಅಂತಾ? ಇಳ್ಸು!" ನಾನು ಒಂದು ಗಳಿಗೆ ತಡ ಮಾಡಿದ್ದಕ್ಕೆ ಅವರೆಕಾಯಿ ಸಿಪ್ಪೆಯಲ್ಲಿ ಕೈಗೊಂದು ಏಟು ಬಿತ್ತು. ಮೆಂತ್ಯಕ್ಕೆ ಬೇರೆ ಪಾಠ. ಕೆಂಪು ತಿರುಗುವ ಮೊದಲೇ ಒಂದು ಕಾಳನ್ನು ಕಚ್ಚಿ ನೋಡಬೇಕು, ಹಲ್ಲಿಗೆ ಕಟ್ ಎಂದರೆ ಇಳಿಸಬೇಕು. ಮೆಣಸಿನಕಾಯಿಗೆ ಪಾಠವೇ ಬೇಡವಂತೆ, ಪಕ್ಕದ ಮನೆಯ ಆಂಜಿನಯ್ಯ ಎರಡನೆಯ ಸಲ ಸೀನಿದರೆ ಆಯಿತು. ಆತ ಸರಿಯಾದ ಹೊತ್ತಿಗೆ ಸೀನಿದ, ಕಮಲಾ!

ಈಗ ಹೇಳಬೇಕಾದ್ದು. ಹುರಿದು ಮುಗಿಸಿದ ಮೇಲೆ ನಿಮ್ಮಮ್ಮ ಬೆಲ್ಲದ ಕಾಫಿ ತಂದರು. ನನ್ನ ಬಾಯಿಂದ ಯೋಚನೆಗೆ ಮುಂಚೆಯೇ ಮಾತು ಬಂತು: "ಇವತ್ತು ಏಕಾದಶಿ, ಉಪವಾಸ."

ಅವರು ಲೋಟ ಹಿಡಿದುಕೊಂಡೇ ನಿಂತಿದ್ದರು. ಬೈಯಲಿಲ್ಲ. "ಏಕಾದಸಿಗೆ ಇನ್ನೂ ಒಂದು ವಾರ ಅದೆ ಕಣವ್ವಾ. ನಮ್ ಸೆಟ್ರು ಅವತ್ತು ಬೆಳಿಗ್ಗೆ ಮಂಡಿಗೆ ಬರ್ತಿರ್ಲಿಲ್ಲ, ಅದ್ಕೆ ಮೂವತ್ತು ವರ್ಸ ಲೆಕ್ಕ ಇಟ್ಟಿವ್ನಿ" ಎಂದು ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದರು. ಆಮೇಲೆ ಬಂದು, ಏನೂ ಆಗಿಲ್ಲವೆಂಬ ಹಾಗೆ, ನನ್ನ ಚೀಲದ ಬಾಯಿ ಕಟ್ಟಿಕೊಟ್ಟರು.

ಮನೆಯವರೆಗೂ ಅಳುತ್ತ ಬಂದೆ. ಯಾರೂ ಹೇಳಿಕೊಡದೆ ಆ ಸುಳ್ಳು ನನ್ನ ನಾಲಿಗೆಯಲ್ಲಿ ಹೇಗೆ ಸಿದ್ಧವಾಗಿತ್ತು? ನಿಮ್ಮಮ್ಮ ಬರೆಸುವ ಮೊದಲೇ ನಾನೇ ನಿನಗೆ ಹೇಳಬೇಕೆಂದು ಬರೆದಿದ್ದೇನೆ. ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಆ ದಿನದ ಪುಡಿಯಲ್ಲಿ ಮಾಡಿದ ಸಾರನ್ನು ಅತ್ತೆ ಎರಡು ಸಲ ಹಾಕಿಸಿಕೊಂಡರು.

ಗೋದಾ


ಕುವೈತ್
೧೨ ಫೆಬ್ರವರಿ ೧೯೭೯

ಗೋದಾ,

ಅಮ್ಮನ ಪತ್ರವೂ ಬಂದಿದೆ. ನನ್ನ ತಮ್ಮ ಕಾಳಪ್ಪನ ಕೈಲಿ ಬರೆಸಿದ್ದಾಳೆ. ಅದರಲ್ಲಿ ಏಕಾದಶಿಯ ಮಾತೇ ಇಲ್ಲ. ಇರುವುದು ಇಷ್ಟು: "ನಿನ್ನ ಸ್ನೇಹಿತೆ ಬಂದಿದ್ದಳು. ಕೈ ಚುರುಕಾಗಿದೆ. ಗಂಡನ ಮನೆಯವರಿಗೆ ಹೆದರುತ್ತಾಳೆ. ಕೊತ್ತಂಬರಿ ಕೊಳ್ಳಲು ಬರುವುದಿಲ್ಲ."

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ನೀನಾಗಿಯೇ ಬರೆದೆಯಲ್ಲ, ಅದಕ್ಕೆ ಈ ಪತ್ರ. ನಿನ್ನನ್ನು ಕ್ಷಮಿಸುವುದು ಬಿಡುವುದು ಅಮ್ಮನಿಗೆ ಸೇರಿದ್ದು, ನನಗಲ್ಲ. ಮತ್ತೆ ಹೋಗು.

ಇದರ ಜೊತೆ ಬರುವ ಕೆಂಪು ಪುಡಿ ಬರ್ಬರೆ. ಇಥಿಯೋಪಿಯಾದ ಅಲ್ಮಾಜ್ ಎಂಬುವಳು ನನ್ನ ಕೋಣೆಯಲ್ಲೇ ಇರುತ್ತಾಳೆ. ಅವಳ ತಾಯಿ ಊರಿನಲ್ಲಿ ಕುಟ್ಟಿ ಕಳಿಸಿದ್ದು. ಮೆಣಸಿನಕಾಯಿ, ಏಲಕ್ಕಿ, ಶುಂಠಿ, ಮೆಂತ್ಯ. ಹೌದು, ಮೆಂತ್ಯ! ಇದರಲ್ಲಿ ಬೆಳ್ಳುಳ್ಳಿಯೂ ಇದೆ, ನಿಮ್ಮ ಬಚ್ಚಲಿಗೂ ಆಗದು. ತುಪ್ಪದಲ್ಲಿ ಈರುಳ್ಳಿ ಬಾಡಿಸಿ, ಇದನ್ನು ಹಾಕಿ, ಬೇಳೆ ಬೇಯಿಸಿ, ಹುಳಿ ಬಂದ ದೋಸೆಯಂಥದರ ಜೊತೆ ತಿನ್ನುತ್ತಾರೆ. ಪೊಟ್ಟಣವನ್ನು ಅಮ್ಮನ ಮನೆಗೆ ತೆಗೆದುಕೊಂಡು ಹೋಗು. ಅಲ್ಲೇ ಮಾಡಿ. ಅಲ್ಲೇ ತಿನ್ನು.

ಕಮಲಾ


ಬಸವನಗುಡಿ
೩ ಏಪ್ರಿಲ್ ೧೯೭೯

ಪ್ರೀತಿಯ ಕಮಲಾ,

ಹೋದೆ. ಅಲ್ಲೇ ಮಾಡಿದೆವು. ಅಲ್ಲೇ ತಿಂದೆ.

ಮೊದಲು ಏಕಾದಶಿಯ ಸುಳ್ಳಿಗೆ ತಪ್ಪಾಯಿತು ಎಂದೆ. ನಿಮ್ಮಮ್ಮ, "ಅದೆಲ್ಲಾ ಯಾಕೀಗ, ಒಲೆ ಹಚ್ಚು" ಎಂದರು. ಆದರೆ ಆವತ್ತು ಅವರು ಕಾಫಿ ತರಲಿಲ್ಲ. ನಾನೇ ಬಾಯಿಬಿಟ್ಟು ಕೇಳುವವರೆಗೂ ತರಲಿಲ್ಲ. ಕೇಳಿದ ಮೇಲೆ ಅವರು ತಂದ ಕಾಫಿ ಎಷ್ಟು ಸಿಹಿಯಾಗಿತ್ತೆಂದರೆ ಅರ್ಧ ಬೆಲ್ಲ ತಳದಲ್ಲೇ ಉಳಿಯಿತು.

ಬರ್ಬರೆಯ ಪೊಟ್ಟಣ ಬಿಚ್ಚಿದಾಗ ಅವರ ಮುಖ ನೋಡಬೇಕಿತ್ತು. ಚಿಟಿಕೆ ತೆಗೆದು ಅಂಗೈಗೆ ಹಾಕಿಕೊಂಡು, ಉಜ್ಜಿ, ಮೂಸಿ, ಅದರಲ್ಲಿರುವುದನ್ನೆಲ್ಲ ಒಂದೊಂದಾಗಿ ಹೇಳಿದರು. "ಈ ಪುಡಿ ಮಾಡ್ದೋಳು ಬಿಸ್ಲಲ್ಲಿ ಒಣಗ್ಸವ್ಳೆ, ಅವಸರ ಮಾಡಿಲ್ಲ. ಒಳ್ಳೇ ಹೆಂಗ್ಸು" ಎಂದು ಅಲ್ಮಾಜಳ ತಾಯಿಗೆ ಸರ್ಟಿಫಿಕೇಟು ಕೊಟ್ಟರು. ಅವಳಿಗೆ ತಪ್ಪದೆ ತಿಳಿಸು. ತೊಗರಿಬೇಳೆಗೆ ಅದನ್ನು ಹಾಕಿ, ನಿಮ್ಮಮ್ಮ ಮಧ್ಯದಲ್ಲಿ ಮನಸ್ಸು ಬದಲಾಯಿಸಿ ಒಂದು ಹಿಡಿ ದಂಟಿನಸೊಪ್ಪನ್ನೂ ಸೇರಿಸಿ, ದೋಸೆಯ ಬದಲು ಮುದ್ದೆ ಮಾಡಿದರು. ಇಥಿಯೋಪಿಯಾದವರು ಒಪ್ಪುತ್ತಾರೋ ಇಲ್ಲವೋ, ಮಾವಳ್ಳಿಯಲ್ಲಿ ಯಾರೂ ಬಿಡಲಿಲ್ಲ.

ಈಗ ಕುಳಿತುಕೊಂಡು ಓದು. ತುಪ್ಪ ಕಾದು ಪುಡಿ ಬಿದ್ದಾಗ ನಾನು ಬಾಣಲೆಯ ಮೇಲೆ ಬಗ್ಗಿದ್ದೆ. ಏನೋ ಬಂತು. ಎರಡು ಉಸಿರಿನಷ್ಟು ಹೊತ್ತು. ಕಹಿ ಕಹಿಯಾಗಿ, ಬೆಚ್ಚಗೆ. "ಮೆಂತ್ಯ!" ಎಂದು ಕೂಗಿಬಿಟ್ಟೆ. ಮತ್ತೆ ಎಲ್ಲ ಮುಚ್ಚಿಹೋಯಿತು. ನಿಮ್ಮಮ್ಮ ಸೌಟು ಬಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟರು. ಎಂಟು ತಿಂಗಳಿಂದ ಒಳಗೆ ಗಟ್ಟಿಯಾಗಿದ್ದುದು ಆಗ ಕರಗಿತು. ಫೌಜಿಯಾಳಿಗೆ, ಅಲ್ಮಾಜಳಿಗೆ, ಆ ಪ್ಯಾಲೆಸ್ತೀನಿನ ಹುಡುಗಿಗೆ, ಎಲ್ಲರಿಗೂ ನನ್ನ ನಮಸ್ಕಾರ ಹೇಳು. ನಾನು ಕಾಣದ ಹೆಂಗಸರು ನನ್ನ ಮೂಗಿಗಾಗಿ ಪುಡಿ ಕುಟ್ಟಿದ್ದಾರೆ.

ಮದುವೆಯ ಪುಡಿಗಳನ್ನು ಮುಂದಿನ ವಾರ ಮಾವಳ್ಳಿಯಲ್ಲೇ ಹುರಿಯುತ್ತೇವೆ. ಕೊತ್ತಂಬರಿ ಕೊಳ್ಳಲು ನಿಮ್ಮಮ್ಮನೇ ಅಕ್ಕಿಪೇಟೆಗೆ ಬರುತ್ತಾರಂತೆ.

ನಿನ್ನ
ಗೋದಾ


ಬಸವನಗುಡಿ
೨೪ ಮೇ ೧೯೭೯

ಪ್ರೀತಿಯ ಕಮಲಾ,

ಮದುವೆ ಮುಗಿದು ಎರಡು ವಾರವಾಯಿತು. ಐನೂರು ಅಂದದ್ದು ಆರುನೂರು ಎಲೆಯಾಯಿತು. ಬೀಗರು ಮೂರನೆಯ ಸಲ ಸಾರು ಕೇಳಿದರು, ಎಲೆ ಎತ್ತುವ ಹೊತ್ತಿಗೆ ಬೀಗಿತ್ತಿ ಪುಡಿಯ ಅಳತೆ ಕೇಳಲು ಬಂದರು. ಅತ್ತೆ ತಲೆ ಎತ್ತಿಕೊಂಡು ಓಡಾಡಿದರು. ನನಗಿದ್ದ ಭಯವೆಲ್ಲ ಸಾರು ಕುದಿಯುವ ಕೊಳದಪ್ಪಲೆಯ ಹಬೆಯಲ್ಲಿ ಹಾರಿಹೋಯಿತು.

ಆದರೆ ಕಥೆ ಮುಗಿಯುವುದು ಅಲ್ಲಿ ಅಲ್ಲ.

ನೆಂಟರೆಲ್ಲ ಹೊರಟ ಮೇಲೆ ಒಂದು ಮಧ್ಯಾಹ್ನ ಅತ್ತೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. ತಲೆ ಎತ್ತದೆ ಕೇಳಿದರು: "ಪುಡಿ ಹುರಿದುಕೊಟ್ಟೋಳಿಗೆ ಛತ್ರದಲ್ಲಿ ಎಲೆ ಎಲ್ಲಿ ಹಾಕ್ಸಿದ್ದೆ?"

"ಮಿಲ್ಲಲ್ಲೇ..." ಎಂದು ಶುರುಮಾಡಿದೆ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ಯಾ? ದೀಪಾವಳಿ ದಿನಾನೇ ಗೊತ್ತಾಯ್ತು ಕಣೇ. ಬಿಸಿನೀರು ಬಿದ್ದ ತಕ್ಷಣ ಆ ಪುಡಿ ಘಮ್ ಅಂತು. ನೀನು ಪಕ್ಕದಲ್ಲೇ ನೀರು ಹುಯ್ತಾ ನಿಂತಿದ್ದೆ, ನಿನ್ನ ಮುಖದಲ್ಲಿ ಏನೂ ಇಲ್ಲ. ನನಗೆ ಕಣ್ಣು ಮಂಜು, ಮೂಗಲ್ಲ. ಆಮೇಲೆ ಮಿಲ್ಲಿಗೆ ಹೋಗಿ ಬಂದ ಚೀಲಕ್ಕೆ ಸೌದೆ ಹೊಗೆ ವಾಸನೆ."

"ಯಾಕಮ್ಮಾ ಕೇಳ್ಲಿಲ್ಲ?" ಎಂದೆ.

"ಕೇಳಿದ್ರೆ ನೀನು ಸೌಟು ಕೆಳಗಿಟ್ಬಿಡ್ತಿದ್ದೆ."

ಕಮಲಾ, ಒಂಬತ್ತು ತಿಂಗಳು ನಾನು ಅವರಿಂದ ಮುಚ್ಚಿಟ್ಟೆ ಎಂದುಕೊಂಡಿದ್ದೆ. ಅವರೇ ನನ್ನನ್ನು ಕಾಪಾಡಿಕೊಂಡು ಬಂದಿದ್ದರು. ಆ ಕಹಿ ಸಾರಿನ ದಿನವೂ ಮೆಂತ್ಯದ ಮೇಲೆ ತಪ್ಪು ಹಾಕಿದವರು ಅವರೇ ಅಲ್ಲವೇ? ಕಾಲು ಹಿಡಿದು ಎಲ್ಲ ಹೇಳಿದೆ. ನಿನ್ನ ಪೊಟ್ಟಣಗಳು, ಮಾವಳ್ಳಿ, ನಿಮ್ಮಮ್ಮನ ಕಿವಿಪಾಠ. ಮದುವೆಗೆ ಅವರನ್ನು ಕರೆಯಲು ನನಗೆ ಧೈರ್ಯ ಬರಲಿಲ್ಲ ಎಂಬುದನ್ನು ಹೇಳಿದೆ. ಏಕಾದಶಿಯ ಸುಳ್ಳನ್ನೂ ಹೇಳಿದೆ. ಅತ್ತೆ ಬತ್ತಿ ಹೊಸೆದರು. ಹೊಸೆದದ್ದನ್ನೇ ಮತ್ತೆ ಹೊಸೆದರು. ಆಮೇಲೆ, "ಆ ಪಂಚಾಂಗ ತಗೊಂಡ್ಬಾ. ಮುಂದಿನ ಏಕಾದಶಿ ಯಾವತ್ತು ನೋಡು" ಅಂದರು.

ಏಕಾದಶಿ ಮೊನ್ನೆ ಮಂಗಳವಾರ ಬಂತು. ಅತ್ತೆ ಏಕಾದಶಿಯ ದಿನ ನೀರೂ ಮುಟ್ಟುವುದಿಲ್ಲ, ನಿನಗೆ ಗೊತ್ತು. ಆದರೂ ಮಾವಳ್ಳಿಗೆ ಹೊರಟು ನಿಂತರು. ನಾಳೆ ಹೋಗೋಣ, ಬಿಸಿಲು ಜಾಸ್ತಿ ಎಂದೆ. ಕೇಳಲಿಲ್ಲ. ಆಟೋ ತರಿಸಿದರು. ಮಡಿಲಲ್ಲಿ ಸೀರೆ, ತೆಂಗಿನಕಾಯಿ.

ನಿಮ್ಮಮ್ಮ ನೀಲಿ ಬಾಗಿಲಲ್ಲಿ ನಿಂತು ನೋಡಿದರು. ಅತ್ತೆ ಹೊಸಿಲ ಹೊರಗೇ ನಿಂತು, "ನಾನು ಗೋದಾನ ಅತ್ತೆ, ಕಾವೇರಮ್ಮ. ನಿಮ್ಮನ್ನ ಮದುವೆಗೆ ಕರೀಲಿಲ್ಲ. ತಪ್ಪು ಈ ಹುಡುಗೀದೊಂದೇ ಅಲ್ಲ, ನಮ್ಮ ಮನೇದು" ಎಂದರು.

"ಆರುನೂರ್ ಎಲೇಲಿ ನಾನ್ ಹುರ್ದಿದ್ದು ಬಿತ್ತಲ್ಲ ತಾಯಿ, ಬಿಡಿ" ಎಂದರು ನಿಮ್ಮಮ್ಮ. ಬಾಗಿಲಿನಿಂದ ಸರಿದು ದಾರಿ ಬಿಡುತ್ತ, "ಆದ್ರೂ ಕರ್ದಿದ್ರೆ ಬರ್ತಿದ್ದೆ" ಎಂದೂ ಹೇಳಿದರು. ಅತ್ತೆ ಹೌದೆಂದು ತಲೆಯಾಡಿಸಿದರು.

ಒಳಗೆ ಕುಳಿತ ಮೇಲೆ ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಈ ವರ್ಷದ ಬ್ಯಾಡಗಿಗೆ ಬಣ್ಣ ಸಾಲದು, ಇಂಗು ಮೊದಲಿನ ಹಾಗಿಲ್ಲ, ಸೊಸೆಯರಿಗೆ ತಾಳ್ಮೆಯಿಲ್ಲ. ಅತ್ತೆ ದೀಪಾವಳಿಯ ಎಳ್ಳಿನ ಕಥೆಯನ್ನು ತಾವೇ ಹೇಳಿ ನಿಮ್ಮಮ್ಮನನ್ನು ನಗಿಸಿದರು. ಆ ತಲೆಗೆ ಹಚ್ಚಿದ ಪುಡಿಯನ್ನು ಅಕ್ಕಿರೊಟ್ಟಿಗೆ ಹಾಕಿ ತಿನ್ನಬೇಕಂತೆ, ಬರುವಾಗ ತರಲು ನಿನಗೆ ಹೇಳಿದ್ದಾರೆ. ಡಿಸೆಂಬರಿನಲ್ಲಿ ನೀನು ಬಂದಾಗ ಅಡುಗೆಮನೆಯಲ್ಲಿ ಮಣೆ ಹಾಕು ಎಂದೂ ನನಗೆ ಹೇಳಿದ್ದಾರೆ. ತುಳಸಿಕಟ್ಟೆಯ ಹಿಂದಿನ ಲೋಟ ಈಗ ಒಳಗಿನ ಲೋಟಗಳ ಜೊತೆಗಿದೆ. ಯಾವುದು ಎಂದು ಗುರುತು ಸಿಗುವುದಿಲ್ಲ. ಇದು ಬಹಳ ತಡವಾಯಿತು ಎಂದು ಗೊತ್ತು. ಬಂದು ನನ್ನನ್ನು ಬೈಯಿ, ಕೇಳಿಸಿಕೊಳ್ಳುತ್ತೇನೆ.

ಆವತ್ತು ಇಷ್ಟೆಲ್ಲ ಮಾತಾದ ಮೇಲೆ ನಿಮ್ಮಮ್ಮ ಒಳಗೆ ಹೋಗಿ ಕಾಫಿ ಮಾಡಿದರು. ಲೋಟ ಹಿಡಿದು ಬಂದವರು ನಡುವೆಯೇ ನಿಂತರು. ಮೂವತ್ತು ವರ್ಷದ ಲೆಕ್ಕ ನೆನಪಾಗಿರಬೇಕು.

"ಇವತ್ತು ಏಕಾದಸಿ ಅಲ್ವಾ ತಾಯಿ?"

"ಹೌದು, ಇವತ್ತೇ ಏಕಾದಶಿ" ಎಂದರು ಅತ್ತೆ, ಕೈ ಚಾಚಿ. "ಕೊಡಿ, ಆರೋಗತ್ತೆ."

ಆ ಕಾಫಿಯ ವಾಸನೆ ನನಗೆ ಬಂತೇ ಎಂದು ಮಾತ್ರ ಕೇಳಬೇಡ ಕಮಲಾ. ಅತ್ತೂ ಅತ್ತೂ ಮೂಗು ಕಟ್ಟಿಹೋಗಿತ್ತು.

ನಿನಗೂ ನಿನ್ನನ್ನು ಹೆತ್ತವಳಿಗೂ ಋಣಿಯಾದ
ಗೋದಾ